ಚುಕ್ಕಿನುಂಗನೂ ಕಣದ ಸಾತವ್ವನೂ

ಬೆಟ್ಟಗಳು ಇನ್ನೂ ನಡೆದಾಡುತ್ತಿದ್ದ ಕಾಲದಲ್ಲಿ ಒಂದು ರಾಜ್ಯವಿತ್ತು. ಅಲ್ಲಿ ಇನ್ನೂರೈವತ್ತಾರು ನಾಡು, ಪ್ರತಿ ನಾಡಿಗೂ ಇನ್ನೂರೈವತ್ತಾರು ಊರು, ಊರಿಗೆ ಅಷ್ಟೇ ಬೀದಿ, ಬೀದಿಗೆ ಅಷ್ಟೇ ಮನೆ. ಪ್ರತಿ ಮನೆಯ ವಿಳಾಸವೂ ನಾಲ್ಕು ಸಂಖ್ಯೆ, ನಡುವೆ ಮೂರು ಚುಕ್ಕಿ. ನಾಡು, ಊರು, ಬೀದಿ, ಮನೆ ಎಲ್ಲಕ್ಕೂ ಸಂಖ್ಯೆ ಸೊನ್ನೆಯಿಂದ ಶುರು.

ಒಂದು ಬೆಳಿಗ್ಗೆ ಚುಕ್ಕಿನುಂಗನೆಂಬ ಮಾಂತ್ರಿಕ ರಾಜ್ಯದ ಚುಕ್ಕಿಗಳನ್ನೆಲ್ಲ ನುಂಗಿ, ಪ್ರತಿ ವಿಳಾಸವನ್ನೂ ಕರಗಿಸಿ ಒಂದೇ ದೊಡ್ಡ ಸಂಖ್ಯೆ ಮಾಡಿಬಿಟ್ಟ. ಓಲೆಗಳು ದಾರಿ ತಪ್ಪಿದವು. ತಡೆಯಹೋದ ಓಲೆಕಾರ ಮಾರಣ್ಣನನ್ನು ಒಂದು ಮನೆಯಲ್ಲಿ ಕೂಡಿಹಾಕಿ, ಅವನ ಹೆಂಡತಿ ಸಾತವ್ವನ ಮುಂದೆ ಬಂದು ಗಹಗಹಿಸಿದ.

“ರಾಜ್ಯದ ಮೊದಲ ಮನೆಯಿಂದ ಹೊರಟು ಐದು ಕೋಟಿ ಮೂರು ಲಕ್ಷ ತೊಂಬತ್ತೆಂಟು ಸಾವಿರದ ಇನ್ನೂರ ಎಂಟು ಮನೆ ದಾಟು. ಆಮೇಲೆ ಸಿಗೋ ಮನೇಲಿ ನಿನ್ನ ಗಂಡ ಇದಾನೆ. ಹೊತ್ತು ಮುಳುಗೋದ್ರೊಳಗೆ ಬರದಿದ್ರೆ ಅವನು ಕಲ್ಲು!”

ಆಸ್ಥಾನದ ಪಂಡಿತರು ಅಂಕಿಗಳ ನಡುವೆ ಮನಸ್ಸಿಗೆ ಬಂದಲ್ಲಿ ಚುಕ್ಕಿ ಇಟ್ಟರು. ಐವತ್ತನೇ ನಾಡೆಂದು ಕುದುರೆ ಓಡಿಸಿ, ಯಾರದೋ ಮನೆಯಲ್ಲಿ ಮಜ್ಜಿಗೆ ಕುಡಿದು ವಾಪಸಾದರು. ಸಾತವ್ವ ಕಣದಲ್ಲಿ ಜೋಳ ಅಳೆಯುವವಳು. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು, ಸಿಟ್ಟೇ ಗೆದ್ದಿತು.

“ರಾಶಿ ಎಷ್ಟೇ ದೊಡ್ಡದಿರಲಿ, ಮೊದಲು ದೊಡ್ಡ ಅಳತೆ ತುಂಬಬೇಕು, ಮಿಕ್ಕಿದ್ದಕ್ಕೆ ಸಣ್ಣದು. ಇಷ್ಟೂ ಗೊತ್ತಿಲ್ವಾ ಪಂಡಿತರೇ?” ಎಂದು ಸೆರಗು ಬಿಗಿದು ಹೊರಟಳು.

ನಾಡಿನ ಹೆಬ್ಬಾಗಿಲಲ್ಲಿ ರೆಕ್ಕೆಯ ಕರಡಿ ಅಡ್ಡ ನಿಂತಿತು. “ಯಾವ ನಾಡು?”

ಒಂದು ನಾಡೆಂದರೆ ಒಂದು ಕೋಟಿ ಅರವತ್ತೇಳು ಲಕ್ಷ ಚಿಲ್ಲರೆ ಮನೆ. ಕಣದ ರೂಢಿಯಂತೆ ಸಾತವ್ವ ‘ಒಂದು’ ಎನ್ನುವ ಬದಲು ‘ಲಾಭ’ ಎಂದು ಎಣಿಸಿದಳು. “ಲಾಭ, ಎರಡು, ಮೂರು! ಮಿಕ್ಕಿದ್ದು ಅರವತ್ತಾರು ಸಾವಿರದ ಐನೂರ ಅರವತ್ತು.”

ಕರಡಿ ತಲೆಬಾಗಿ ಅವಳನ್ನು ಹೊತ್ತು ಹಾರಿತು. ಅಣಕಿಸುತ್ತ ಹಿಂದೆಯೇ ಬರುತ್ತಿದ್ದ ಮಾಂತ್ರಿಕನ ಹೊಟ್ಟೆಯಿಂದ ಒಂದು ಚುಕ್ಕಿ ಪುಟಿದು ಹೊರಬಂತು.

ಊರ ಬಾಗಿಲಲ್ಲಿ ಎರಡು ತಲೆಯ ಹುಲಿ. “ಯಾವ ಊರು?”

ಊರಿಗೆ ಅರವತ್ತೈದು ಸಾವಿರದ ಐನೂರ ಮೂವತ್ತಾರು ಮನೆ. “ಲಾಭ! ಒಂದೇ ಸಲ ತುಂಬ್ತು. ಮಿಕ್ಕಿದ್ದು ಸಾವಿರದ ಇಪ್ಪತ್ತನಾಲ್ಕು.” ಎರಡನೇ ಚುಕ್ಕಿಯೂ ಹೊರಬಂತು.

ಬೀದಿಯ ಬಾಗಿಲಲ್ಲಿ ಬೆಂಕಿಯುಗುಳುವ ಹಾವು. “ಯಾವ ಬೀದಿ?”

“ಬೀದಿಗೆ ಇನ್ನೂರೈವತ್ತಾರು ಮನೆ. ಲಾಭ, ಎರಡು, ಮೂರು, ನಾಲ್ಕು.” ಅಷ್ಟಕ್ಕೆ ರಾಶಿ ಮುಗಿಯಿತು. ಹಾವು ದಾರಿ ಬಿಟ್ಟಿತು, ಆದರೆ ಮೂರನೇ ಚುಕ್ಕಿ ಮಾಂತ್ರಿಕನ ಗಂಟಲಲ್ಲೇ ಸಿಕ್ಕಿಕೊಂಡಿತು.

“ಏನೂ ಉಳೀಲಿಲ್ಲವಲ್ಲೇ!” ಎಂದು ಚುಕ್ಕಿನುಂಗ ಕುಣಿದ. “ಏನೂ ಇಲ್ಲ ಅಂದ್ಮೇಲೆ ಮನೆ ಎಲ್ಲಿಂದ ಬರುತ್ತೆ? ಮನೆಗೆ ಹೋಗಿ ಅಳು!”

ಸೂರ್ಯ ಆಗಲೇ ಮನೆಗಳ ಮಾಡಿಗೆ ತಾಗಿದ್ದ. ಆದರೂ ಅಳತೆ ಸುಳ್ಳಾಡದೆಂದು ಸಾತವ್ವನಿಗೆ ಗೊತ್ತಿತ್ತು.

“ಮೂರು ನಾಡು ದಾಟಿದೆ, ಒಂದು ಊರು ದಾಟಿದೆ, ನಾಲ್ಕು ಬೀದಿ ದಾಟಿದೆ. ಇನ್ನು ಒಂದು ಮನೆಯನ್ನೂ ದಾಟಬೇಕಾಗಿಲ್ಲ. ಹಾಗಾದ್ರೆ ನನ್ನ ಮುಂದಿರೋ ಈ ಮೊದಲ ಬಾಗಿಲೇ ಸೊನ್ನೆ ಮನೆ ಕಣೋ! ಮೂರು, ಒಂದು, ನಾಲ್ಕು, ಸೊನ್ನೆ!” ಎಂದು ಬಾಗಿಲು ತಳ್ಳಿದಳು.

ಒಳಗೆ ಮಾರಣ್ಣ ಮೊಣಕಾಲವರೆಗೆ ಕಲ್ಲಾಗಿ ನಿಂತಿದ್ದ. “ಬಂದ್ಯಾ ಸಾತಿ? ಇನ್ನು ಬರೋದಿಲ್ಲ ಅಂದ್ಕೊಂಡಿದ್ದೆ.”

“ಬರದೆ ಎಲ್ಲಿಗೆ ಹೋಗ್ಲಿ?” ಎಂದು ಅವಳು ಅವನನ್ನು ತಬ್ಬಿ ಜೋರಾಗಿ ಅತ್ತುಬಿಟ್ಟಳು. ಕಲ್ಲು ಕರಗಿ ಕಾಲಾಯಿತು.

ಅತ್ತ ಮಾಂತ್ರಿಕನ ಹೊಟ್ಟೆ ಬಿರಿದು ಚುಕ್ಕಿಗಳೆಲ್ಲ ಹಾರಿ ತಂತಮ್ಮ ವಿಳಾಸ ಸೇರಿದವು. ಅವನು ಖಾಲಿ ಚೀಲವಾಗಿ ಬಿದ್ದ. ಪಂಡಿತರು ಕಣಕ್ಕೆ ಬಂದು ಅಳತೆ ಕಲಿತರು. ಸಾತವ್ವನೂ ಮಾರಣ್ಣನೂ ಆ ಸೊನ್ನೆ ಮನೆಯಲ್ಲೇ ಸಂಸಾರ ಹೂಡಿ, ಮಕ್ಕಳು ಮೊಮ್ಮಕ್ಕಳೊಂದಿಗೆ ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ರಿಸಿ, ಸುಖವಾಗಿ ಬಾಳಿದರು.