ಅವನಿಗೆ ಸಿಗದ ಮಾತು

"ಏನ್ ಮುತ್ತಣ್ಣ, ಪೈಪ್ ನೆಟ್ಟಗೆ ಇಡ್ಕಳಕ್ಕೆ ನಿಂಗೇನ್ ದಾಡಿ? ನೀರೆಲ್ಲಾ ರೋಡಿಗೆ ಓಯ್ತಾ ಐತೆ!"

ಟ್ಯಾಂಕರ್ ಡ್ರೈವರನ್ನು ಬೈಯುತ್ತಾ ಗೇಟಿಗೆ ಬಂದ ವನಜಾ ಗಕ್ಕನೆ ನಿಂತಳು.

ಎದುರಿಗೆ ಚಿನ್ಮಯ್!

ಬಿ.ಕಾಂ. ಎರಡನೇ ವರ್ಷ, ಅವಳದೇ ಕ್ಲಾಸು, ಅವಳಂತೆಯೇ ಹತ್ತೊಂಬತ್ತರ ವಯಸ್ಸು. ಅವನು ಹೆಸರು ಹಿಡಿದು ಕರೆದರೆ ಸಾಕು, ಅವಳ ಎದೆ ಡವಡವ ಎನ್ನುತ್ತಿತ್ತು.

"ಓಹ್… ಹಾಯ್ ಚಿನ್ಮಯ್! ವಾಟ್ ಎ ಸರ್‌ಪ್ರೈಸ್!"

ಮುತ್ತಣ್ಣ ಪೈಪ್ ಹಿಡಿದುಕೊಂಡೇ ಬಾಯಿ ಬಿಟ್ಟ. ಈ ಹುಡುಗಿಯ ಬಾಯಲ್ಲಿ ಇಂಥ ಮಾತನ್ನು ಅವನು ಕೇಳಿರಲೇ ಇಲ್ಲ.

"ನೀನು ಲ್ಯಾಪ್‌ಟಾಪ್ ಚಾರ್ಜರ್ ಕ್ಲಾಸಲ್ಲೇ ಬಿಟ್ಟಿದ್ದೆ. ನಾಳೆ ಪ್ರೆಸೆಂಟೇಶನ್ ಅಲ್ವಾ, ಅದಕ್ಕೇ ತಂದೆ," ಎಂದ ಚಿನ್ಮಯ್.

ಅಯ್ಯೋ… ನನ್ನ ಬೈಗುಳವೆಲ್ಲಾ ಕೇಳಿಸಿತೇನೋ!

ಮೊದಲ ವರ್ಷ ಒಮ್ಮೆ ಕ್ಲಾಸಿನಲ್ಲಿ ಮನೆಯ ಮಾತು ಬಾಯಿಗೆ ಬಂದಿತ್ತು. ಗೆಳತಿ ಚಿತ್ರಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಂದಿನಿಂದ ವನಜಾ ಕಾಲೇಜಿಗೆ ನಾಲಿಗೆಗೂ ಇಸ್ತ್ರಿ ಹಾಕಿಕೊಂಡೇ ಹೋಗುತ್ತಿದ್ದಳು.

ಜಗಲಿಯಲ್ಲಿ ಅಜ್ಜಿ ವಸಂತಮ್ಮ ಅವರೆಕಾಯಿ ರಾಶಿ ಹಾಕಿಕೊಂಡು ಕೂತಿದ್ದರು. ಸರ್ಜಾಪುರದ ಆ ಮನೆಗೆ ಅವರೆ ಕಾಲದಲ್ಲಿ ಕಾಲಿಟ್ಟವರು, ಮೇಲಿನ ಮಹಡಿಯ ಬಾಡಿಗೆಯವರಾದರೂ ಸರಿಯೇ, ಕಾಯಿ ಸುಲಿಯದೆ ಹೋಗುವಂತಿರಲಿಲ್ಲ.

"ಯಾರ್ಲಾ ಮಗಾ? ಕುಂತ್ಕಾ. ನಾಕ್ ಕಾಯಿ ಸುಲಿ, ಉಂಡ್ಕಂಡು ಓಗೀವಂತೆ."

ಚಿನ್ಮಯ್ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟ. "ಅಂಗೇ ಆಗ್ಲಿ ಕಣಜ್ಜಿ… ಸೊಗಡು ಬೋ ಚೆಂದಾಗೈತೆ!"

ಅಜ್ಜಿ ನಕ್ಕರು. ವನಜಾಳ ಮುಖ ಕೆಂಪಾಯಿತು. ಅಣಕ! ನನ್ನ ಮನೆಯಲ್ಲೇ ಕೂತು, ನನ್ನ ಅಜ್ಜಿಯನ್ನೇ ಅಣಕಿಸುತ್ತಿದ್ದಾನೆ!

"ಚಿನ್ಮಯ್, ನಿಂಗೆ ಲೇಟಾಗತ್ತೆ. ಪ್ಲೀಸ್, ಹೊರಡು."

ಅವನು ಚಾರ್ಜರನ್ನು ಜಗಲಿಯ ಮೇಲಿಟ್ಟ. ಎದ್ದು ಹೊರಟುಹೋದ.

"ಉಣ್ಣೋ ಮಗೀನ ಯಾಕಮ್ಮಿ ಎಬ್ಬುಸ್ದೆ?" ಅಜ್ಜಿ ಗದರಿದರು.

"ನಮ್ಮುನ್ನ ಆಡ್ಕಂಡ ಕಣಜ್ಜಿ!"

"ಆಡ್ಕಳೋರು ನಾಕ್ ಜನದ ಮುಂದೆ ಆಡ್ಕತಾರೆ. ಇಲ್ಲಿ ಯಾರಿದ್ರೇ? ಎಲ್ಲಿ ಮಾತು ತಪ್ಪೋಯ್ತದೋ ಅಂತ ಅವ್ನ ಮಕ ಬೆವರ್ತಿತ್ತು. ನೀನು ಇಂಗ್ಲೀಸ್ ಆಡ್ವಾಗ್ಲೂ ಅಂಗೇ ಬೆವರ್ತೀಯ."



ಮರುದಿನ ಕ್ಯಾಂಟೀನಿನಲ್ಲಿ ಅವನು ಒಬ್ಬನೇ ಕೂತಿದ್ದ. ಅವಳು ಎದುರು ಹೋಗಿ ನಿಂತಳು. "ನಿನ್ನೆ ಯಾಕೆ ಹಾಗೆ ಮಾತಾಡಿದೆ? ನಿಜ ಹೇಳು."

"ಅಪ್ಪನ ಹತ್ರ ಒಂಥರಾ, ಹುಡುಗರ ಹತ್ರ ಮಚ್ಚಾ ಗುರು ಅಂತ, ಸರ್‌ಗಳ ಹತ್ರ ಇಂಗ್ಲಿಷು… ನಾನೂ ಎದುರಿಗಿದ್ದೋರ ಥರ ಆಡೋನೇ ವನಜಾ. ಆದ್ರೆ ನಿನ್ನೆ ಆಡಿದ್ದು ಬೇರೆ." ಅವನು ತಲೆ ತಗ್ಗಿಸಿದ. "ಕಾಲೇಜ್ ಮೆಟ್ಟಿಲ ಹತ್ರ ನಿಂತು ನೀನು ಅಜ್ಜಿಗೆ ಫೋನ್ ಮಾಡ್ತೀಯಲ್ಲ, ಎಷ್ಟು ನಗ್ತೀಯ! ನನ್ನ ಹತ್ರ ಬಂದ್ರೆ ನ್ಯೂಸ್ ಓದೋರ ಥರ ಆಗ್ಬಿಡ್ತೀಯ. ಆ ಮಾತು ಕಲಿತ್ರೆ ನನ್ನ ಹತ್ರಾನೂ ಹಾಗೇ ನಗ್ತೀಯೇನೋ ಅಂದ್ಕೊಂಡೆ. ನಿನಗೆ ಬೇಜಾರು ಮಾಡಿದ್ರೆ ಸಾರಿ. ಇನ್ನು ತೊಂದ್ರೆ ಕೊಡಲ್ಲ."

ಅವನು ಬ್ಯಾಗ್ ಹೆಗಲಿಗೇರಿಸಿ ಹೊರಟ.

ಪಕ್ಕದ ಟೇಬಲ್ಲಿನಲ್ಲಿ ಚಿತ್ರಾ, ಅವಳ ಸುತ್ತ ಇಡೀ ಕ್ಲಾಸು. ಎಲ್ಲರ ಕಣ್ಣೂ ಇತ್ತಲೇ ಇತ್ತು.

ಬಾಯಿ ಬಿಟ್ಟರೆ ಮತ್ತೆ ನಗುತ್ತಾರೆ. ಬಿಡದಿದ್ದರೆ… ಇವನು ಹೋಗೇಬಿಡುತ್ತಾನೆ!

"ಲೋ ಚಿನ್ಮಯ್! ನಿಂತ್ಕಳ್ಳಾ! ಯೋಳದೆಲ್ಲಾ ನೀನೇ ಯೋಳ್ಬುಟ್ಟು ಓಗ್ಬುಟ್ರೆ, ನನ್ ಮನಸ್ನಾಗೆ ಇರೋದ್ನ ಯಾರಿಗೆ ಯೋಳ್ಲಿ?"

ಚಿತ್ರಾ ಕಿಸಕ್ಕನೆ ನಕ್ಕಳು. ವನಜಾ ಅತ್ತ ತಿರುಗಿಯೂ ನೋಡಲಿಲ್ಲ.

ಚಿನ್ಮಯ್ ಮೆಲ್ಲಗೆ ವಾಪಸ್ಸು ಬಂದ. ಅವನ ಕಣ್ಣು ತುಂಬಿತ್ತು.

"ಏನಿದೆ ಮನಸ್ಸಲ್ಲಿ?"

"ನೀನೇ ಇದೀಯ ಕಣ್ಲಾ…"

"ಇನ್ನೊಂದ್ಸಲ ಹೇಳು."

"ಓಗ್ಲಾ… ನಾಚ್ಕೆ ಆಯ್ತದೆ!"