ಅಪ್ಪಚ್ಚಿಯ ಅಂಗಿ

1962ರ ಮಾರ್ಚ್ 11, ಭಾನುವಾರ, ಬೆಳಗ್ಗೆ ಏಳು ಗಂಟೆ ನಲವತ್ತು ನಿಮಿಷ. ಪರಿಮಳಾ ಜೇನುಪೆಟ್ಟಿಗೆಯ ಮುಚ್ಚಳ ಎತ್ತಿದಳು. ಅವಳು ತೊಟ್ಟಿದ್ದು ಅಪ್ಪಚ್ಚಿಯ ಅಂಗಿ. ಮಡಚಿದ ತೋಳು ಮತ್ತೆ ಮತ್ತೆ ಜಾರುತ್ತಿತ್ತು.

ಅಪ್ಪಚ್ಚಿ ಎಂದರೆ ಅಪ್ಪನ ತಮ್ಮ ವಿಘ್ನೇಶ್ವರ. ಹೆಗಡೆಕಟ್ಟಾದಲ್ಲಿ ಅವನು ಹನ್ನೆರಡು ಪೆಟ್ಟಿಗೆ ಇಟ್ಟಿದ್ದ. ಜೇನು ಕಚ್ಚಿದರೂ ಅವನ ಕೈ ಊದುತ್ತಿರಲಿಲ್ಲ. ಅವನ ವಾಸನೆ ಹಿಡಿದು, ನಮ್ಮವನೇ ಎಂದು ಜೇನು ಮೆಲ್ಲಗೆ ಕಚ್ಚುತ್ತದೆ ಎಂಬುದು ಪರಿಮಳಾಳ ಲೆಕ್ಕ. ಅದಕ್ಕೇ ಒಗೆಯದ ಅಂಗಿಯನ್ನು ಗೂಟದಿಂದ ಎಳೆದು ತಂದಿದ್ದಳು.

ಜೇನು ಅವಳ ಮುಂಗೈಗೆ ಕಚ್ಚಿತು. ಓಡಿ ಬಂದು ಮುಚ್ಚಳ ಮುಚ್ಚಿದ ಅಪ್ಪಚ್ಚಿಗೂ ಒಂದು ಕಚ್ಚಿತು.

"ಎನ್ನ ಅಂಗಿ ಎಂತಕ್ಕೆ ಹಾಕ್ಯಂಡೆ ಕೂಸೇ?" ಎಂದು ಕೇಳುತ್ತಾ ಅವನು ಉಗುರಿನಿಂದ ಅವಳ ಕೈಯ ಮುಳ್ಳು ಕೆರೆದು ತೆಗೆದ.

"ಆನು ಅಂದ್ರೆ ನೀನೇ ಹೇಳಿ ಜೇನು ತಿಳ್ಕಳ್ಳಲಿ ಅಂತ."

"ಹಂಗಾರೆ ತಿಳ್ಕಂಡೇ ಕಚ್ಚಿದ್ದು."

ಪರಿಮಳಾಗೆ ನಗು ಬರಲಿಲ್ಲ. ಮುಂದಿನ ಭಾನುವಾರ ಜೇನು ತೆಗೆಯುವ ಯಂತ್ರ ತಿರುಗಿಸುವ ಕೆಲಸ ಅವಳದು. ಆದರೆ ಆಯಿ, ಅಂದರೆ ಅಮ್ಮ, ಒಂದು ಷರತ್ತು ಹಾಕಿದ್ದಳು. ಜೇನು ಕಚ್ಚಿ ಎರಡು ಇಂಚಿಗಿಂತ ಹೆಚ್ಚು ಊದಿದರೆ ಈ ವರ್ಷ ಪೆಟ್ಟಿಗೆಯ ಹತ್ತಿರ ಹೋಗುವಂತಿಲ್ಲ.

ಒಂಬತ್ತು ಗಂಟೆಗೆ ಇಬ್ಬರೂ ಜಗಲಿಯಲ್ಲಿ ಕೈ ಪಕ್ಕಪಕ್ಕ ಇಟ್ಟರು. ಅಪ್ಪಚ್ಚಿಯ ಕೈಯಲ್ಲಿ ಒಂದು ಕೆಂಪು ಚುಕ್ಕೆ. ಪರಿಮಳಾಳ ಕೈ ಉದ್ದಿನ ವಡೆಯಂತೆ ಉಬ್ಬಿತ್ತು.

"ನಿಂಗೆ ಮೆಲ್ಲಗೆ ಕಚ್ಚಿದ್ದು, ಅಲ್ದಾ?"

"ಅದೇ ಜೇನು, ಅದೇ ವಿಷ. ಎಂಗೂ ಮೊದಲ ವರ್ಷ ಮೊಣಕೈವರೆಗೆ ಊದಿತ್ತು. ನಿನ್ನ ಆಯಿ ಊಟಕ್ಕೆ ಚಮಚ ಕೊಟ್ಟು ನಗಾಡಿದ್ದೇ ನಗಾಡಿದ್ದು."

"ಮತ್ತೆ ಈಗ?"

"ಕಚ್ಚಿಸ್ಕ್ಯಂಡು ಕಚ್ಚಿಸ್ಕ್ಯಂಡು ಮೈ ಕಲ್ತು. ರಕ್ತದಲ್ಲಿ ವಿಷ ತಡೆಯೋ ಕಣ ಹುಟ್ತಡ, ಶಿರಸಿ ಡಾಕ್ಟ್ರು ಹೇಳಿದ್ರು. ಅವು ಇದ್ರೆ ಮೈ ಗಲಾಟೆ ಮಾಡ್ತಿಲ್ಲೆ. ಮಳೆಗಾಲ ಪೂರ್ತಿ ಕಚ್ಚದೇ ಇದ್ರೆ, ಆಮೇಲೆ ಮೊದಲ ಸಲ ಕಚ್ಚಿದಾಗ ಎಂಗೂ ಸ್ವಲ್ಪ ಊದ್ತು."

"ಹಂಗಾರೆ ಆನೂ ದಿನಾ ಕಚ್ಚಿಸ್ಕ್ಯಂಡ್ರೆ ಆತು."

ಅಪ್ಪಚ್ಚಿಯ ಮುಖ ಗಂಭೀರವಾಯಿತು. "ಎಲ್ಲರ ಮೈಯೂ ಹಂಗೆ ಕಲಿತಿಲ್ಲೆ. ನಮ್ಮ ಕೆಲಸಕ್ಕೆ ಬರೋ ಕೆರಿಯ ಇದ್ನಲ, ಅಂವಂಗೆ ಉಲ್ಟಾ ಆತು. ಮೊದಲ ವರ್ಷ ಸಣ್ಣ ಬಾವು, ಎರಡನೇ ವರ್ಷ ದೊಡ್ಡದು. ಅಂವ ಯಾರಿಗೂ ಹೇಳಿದ್ನಿಲ್ಲೆ. ಮೂರನೇ ವರ್ಷ ಉಸಿರೇ ಕಟ್ತು. ಬದುಕಿದ್ದೇ ಹೆಚ್ಚು."

ಅವನು ಪೆಟ್ಟಿಗೆ ನೋಡಲು ಎದ್ದು ಹೋದ.

ಪರಿಮಳಾ ಸ್ಕೂಲಿನ ಸ್ಕೇಲು ತಂದಳು. ಬಾವು ಉದ್ದಕ್ಕೆ ಹರಡಿತ್ತು. ಸ್ಕೇಲನ್ನು ಅಡ್ಡಕ್ಕೆ ಇಟ್ಟು ನೋಡಿದಳು. ಒಂದೂ ಮುಕ್ಕಾಲು ಇಂಚು. ಇಷ್ಟೇ ಆದರೆ ಯಂತ್ರ ತಿರುಗಿಸುವ ಕೆಲಸ ಇನ್ನೂ ಅವಳದೇ.

"ಎಷ್ಟು ಊದಿದ್ದೇ?" ಆಯಿ ಒಳಗಿನಿಂದಲೇ ಕೇಳಿದಳು.

ಪರಿಮಳಾ ಉಬ್ಬಿದ ಕೈಯನ್ನೇ ನೋಡಿದಳು. ಅದು ಅಪ್ಪಚ್ಚಿಯ ಕೈಯಂತೆ ಕಲಿಯುತ್ತದೋ, ಕೆರಿಯನ ಕೈಯಂತೆಯೋ, ಹೊರಗಿನಿಂದ ಏನೂ ತಿಳಿಯುವಂತಿರಲಿಲ್ಲ.

ಸ್ಕೇಲನ್ನು ನಿಧಾನವಾಗಿ ಉದ್ದಕ್ಕೆ ತಿರುಗಿಸಿದಳು.

"ಎರಡೂ ಮುಕ್ಕಾಲು ಇಂಚು," ಎಂದಳು.