ತಿರುಗಿ ನೋಡಿದ್ದೇಕೆ?

“ಆ ಜಾಕೆಟ್ ಮಾತ್ರ ತೆಗೀಬೇಡಿ!”

ಹೋಟೆಲಿನ ಲಾಬಿಯಲ್ಲಿದ್ದ ಅಷ್ಟೂ ಜನ ಒಮ್ಮೆಲೇ ಅವಳತ್ತ ತಿರುಗಿದರು. ಹಳದಿ ಜಾಕೆಟ್ಟಿನ ಜಿಪ್ಪನ್ನು ಅರ್ಧ ಇಳಿಸಿದ್ದ ಅವಳ ಕೈ ಅಲ್ಲೇ ನಿಂತುಹೋಯಿತು.

ಹೇಳಿದವನು ಗೈಡ್. ಪರದೇಶದ ಈ ಮಹಾನಗರದಲ್ಲೇ ಇದ್ದುಕೊಂಡು, ತನ್ನ ಭಾಷೆಯ ಪ್ರವಾಸಿಗರನ್ನು ಸುತ್ತಿಸುವುದು ಅವನ ಕೆಲಸ. ಬೆಳಗಿನಿಂದ ಅವನು ಒಬ್ಬೊಬ್ಬರ ಬಟ್ಟೆಯನ್ನೂ ತಪಾಸಣೆ ಮಾಡುತ್ತಿದ್ದ.

“ಮೇಷ್ಟ್ರೇ, ಕೋಟು ಟೈ ಎಲ್ಲಾ ಯಾಕೆ? ನಾವು ಮದುವೆಗೆ ಹೋಗ್ತಿಲ್ಲ, ನಡೆಯೋಕೆ ಹೋಗ್ತಿದ್ದೀವಿ. ದಪ್ಪ ಸ್ವೆಟರ್ ಒಂದರ ಬದಲು ತೆಳ್ಳಗಿನದು ಎರಡು ಹಾಕ್ಕೊಳ್ಳಿ. ಹೊರಗೆ ಚಳಿ, ಒಳಗೆ ಹೀಟರ್. ತೆಗೀತಾ ಹಾಕ್ತಾ ಇರಬೇಕಾಗುತ್ತೆ.”

ನಿವೃತ್ತ ಮೇಷ್ಟ್ರು ವಿಧೇಯ ವಿದ್ಯಾರ್ಥಿಯಂತೆ ಟೈ ಬಿಚ್ಚಿ ಪಕ್ಕದಲ್ಲಿದ್ದ ಹೆಂಡತಿಯ ಕೈಗೆ ಕೊಟ್ಟರು.

“ಏನಪ್ಪಾ, ಫಾರಿನ್ನಿಗೆ ಬಂದು ಮನೇಲಿ ಕಸ ಗುಡಿಸೋ ಬಟ್ಟೆ ಹಾಕ್ಕೋಬೇಕಾ?” ಎಂದು ರೇಗಿದವಳು ಹಳದಿ ಜಾಕೆಟ್ಟಿನವಳ ಚಿಕ್ಕಮ್ಮ. ಮೈತುಂಬ ಮಿಣಿಮಿಣಿ ಹೊಳೆಯುವ ಟಾಪು, ಕಾಲಿಗೆ ಹೈಹೀಲ್ಡ್ ಚಪ್ಪಲಿ.

“ಅದರಲ್ಲಿ ಆರಾಮಾಗಿ ನಡೀಬಹುದು ಅಂದ್ರೆ ಅದೇ ಸರಿ, ಚಿಕ್ಕಮ್ಮ. ಮೈಮೇಲೆ ಬಟ್ಟೆ ಇದೆ ಅನ್ನೋದೇ ಮರೆತುಹೋಗಬೇಕು. ಆಗ ಊರು ಕಾಣುತ್ತೆ.”

ಆಮೇಲೆ ಅವನ ಕಣ್ಣು ಅವಳ ಮೇಲೆ ಬಿದ್ದಿತ್ತು.

ಇಷ್ಟು ಜನರ ಮುಂದೆ ಯಾರಾದರೂ ತನ್ನನ್ನು ಗಮನಿಸಿದರೆ ಅವಳಿಗೆ ಭೂಮಿ ಬಾಯ್ಬಿಡಬಾರದೇ ಅನಿಸುತ್ತಿತ್ತು. ಪ್ರೆಸ್ಸೊಂದರಲ್ಲಿ ಪ್ರೂಫ್ ತಿದ್ದುವ ಹುಡುಗಿ ಅವಳು. ಕೆಲಸ ಸರಿಯಾಗಿದ್ದರೆ ಅವಳೊಬ್ಬಳು ಇದ್ದಾಳೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ಅವಳಿಗೆ ಹಿತವಾಗಿತ್ತು. ಬಟ್ಟೆಯೂ ಹಾಗೆಯೇ... ಬೂದಿ, ಮಣ್ಣು, ಮಬ್ಬುನೀಲಿ. ಈ ಹಳದಿ ಜಾಕೆಟ್ ಚಿಕ್ಕಮ್ಮ ಹಟ ಹಿಡಿದು ಕೊಡಿಸಿದ್ದು.

“ಇದು... ಜಾಸ್ತಿ ಎದ್ದು ಕಾಣುತ್ತೆ ಅಲ್ವಾ?” ಅವಳ ದನಿ ಅವಳಿಗೇ ಕೇಳಿಸಲಿಲ್ಲ.

“ಕಾಣಲಿ.” ಅವನು ನಗಲಿಲ್ಲ. “ನೀವು ಎಲ್ಲರಿಗಿಂತ ಹಿಂದೆ ಬರ್ತೀರಾ? ದಿನಾಲೂ?”

ಯಾಕೆ ಎಂದು ಕೇಳಬೇಕಿತ್ತು. ಆದರೆ ಕತ್ತು ತಾನಾಗಿಯೇ ಹೂಂ ಎಂದು ಅಲ್ಲಾಡಿಬಿಟ್ಟಿತು.

ಆಮೇಲಿನ ದಿನಗಳೆಲ್ಲ ಒಂದು ನೋಟದ ಸುತ್ತ ತಿರುಗಿದವು. ಸೇತುವೆಯ ಮೇಲೆ, ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ, ಜನಜಂಗುಳಿಯ ಸಿಗ್ನಲ್ಲುಗಳಲ್ಲಿ, ಗುಂಪಿನ ಮುಂದಿದ್ದ ಅವನು ತಿರುಗಿ ನೋಡುತ್ತಿದ್ದ. ಎಲ್ಲರ ತಲೆಗಳನ್ನೂ ದಾಟಿ ಬಂದು ಅವಳನ್ನೇ ಮುಟ್ಟುವ ನೋಟ! ಅವಳು ಸಣ್ಣಗೆ ತಲೆಯಾಡಿಸುವಳು. ಅವನ ಮುಖ ಹಗುರಾಗುವುದು.

‘ನನ್ನನ್ನೇ ನೋಡ್ತಾರೆ... ಇಷ್ಟು ಜನರಲ್ಲಿ ನನ್ನನ್ನೇ!’

ರಾತ್ರಿ ದಿಂಬಿಗೆ ಮುಖವಿಟ್ಟರೂ ಆ ನೋಟ ಬಿಡುತ್ತಿರಲಿಲ್ಲ. ಜಾಕೆಟ್ಟನ್ನು ಕುರ್ಚಿಗೆ ಹಾಕುವಾಗ ಈಗ ತೋಳು ಮುದುರದಂತೆ ನೇರ ಮಾಡುತ್ತಿದ್ದಳು.

“ಏನೇ ಪುಟ್ಟಿ, ಆ ಜಾಕೆಟ್ಟಿಗೆ ಜೋಗುಳ ಬೇರೆ ಹಾಡ್ತೀಯಾ?” ಎಂದು ಚಿಕ್ಕಮ್ಮ ಕಿಚಾಯಿಸಿದರೆ ಕಿವಿ ಬಿಸಿಯಾಗುತ್ತಿತ್ತು.

ಪ್ರವಾಸದ ಕೊನೆಯ ದಿನ ಹತ್ತಿರ ಬಂತು. ನಾಡಿದ್ದು ವಿಮಾನ. ಅವನ ನಂಬರನ್ನಾದರೂ ಕೇಳಬೇಕು. ಈ ಒಂದು ಸಲ ಬಾಯಿ ಬಿಡದಿದ್ದರೆ ಈ ಜನ್ಮಕ್ಕೆ ಅವನು ಸಿಗುವುದಿಲ್ಲ.

ಸಂಜೆ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಕೆಳಗಿಳಿದಳು. ಅವನು ಲಾಬಿಯ ಕಂಬಕ್ಕೆ ಒರಗಿ, ಬೆನ್ನು ಹಾಕಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ.

“ಹೂಂ ಕಣೋ, ಹಳದಿ ಜಾಕೆಟ್ಟಿನವಳೇ! ಮೊದಲನೇ ದಿನಾನೇ ಹಿಡಿದುಬಿಟ್ಟೆ. ನನ್ನ ಬಾಲ ಅವಳು. ಇಂಥಾ ಬಾಲ ನಿನಗೆ ಸಿಗಲ್ಲ ಬಿಡು...” ಅವನು ಜೋರಾಗಿ ನಕ್ಕ.

ಬಾಲ!

ಅವಳು ಮೆಟ್ಟಿಲು ಹತ್ತಿದ್ದು ಗೊತ್ತಾಗಲಿಲ್ಲ. ಬಾತ್‌ರೂಮಿನ ಚಿಲಕ ಹಾಕಿಕೊಂಡು ನಲ್ಲಿ ಬಿಟ್ಟಳು.

ಚಿಕ್ಕಂದಿನಿಂದ ಕೇಳಿ ಕೇಳಿ ಕಿವಿ ಕಲ್ಲಾದ ಮಾತು ಅದು. ‘ಅಕ್ಕನ ಬಾಲ ಬಂತು ನೋಡ್ರೋ!’ ಚೂಟಿಯಾದ ಅಕ್ಕನ ಹಿಂದೆ ಅವಳ ಲಂಗ ಹಿಡಿದುಕೊಂಡು ಸುತ್ತುತ್ತಿದ್ದ ಮೂಕಿಗೆ ಇಡೀ ಬೀದಿ ಇಟ್ಟ ಹೆಸರು. ಅಕ್ಕ ಮದುವೆಯಾಗಿ ಹೋದ ಮೇಲೆ ಆ ಹೆಸರು ಸತ್ತಿತೆಂದುಕೊಂಡಿದ್ದಳು.

‘ಹಿಂದೆ ಹಿಂದೆ ಬರ್ತೀನಿ ಅಂತ ಸ್ನೇಹಿತನ ಹತ್ರ ನಗ್ತಿದ್ದಾರೆ... ಬಾ ಅಂದವರು ಅವರೇ. ಕುಣಿದುಕೊಂಡು ಹೋದವಳು ನಾನೇ. ಎಂಥಾ ಪೆದ್ದಿ ನಾನು!’

ಬೆಳಿಗ್ಗೆ ಅವಳು ಬೂದಿ ಬಣ್ಣದ ಸ್ವೆಟರ್ ಹಾಕಿಕೊಂಡು ಗುಂಪಿನ ನಡುವೆ ನಿಂತಳು.

“ಜಾಕೆಟ್ ಎಲ್ಲಿ?” ಅವನು ನೇರವಾಗಿ ಬಂದು ಕೇಳಿದ.

“ಸೆಕೆ.”

ಹೊರಗೆ ಬಾಯಿಂದ ಹೊಗೆ ಬರುವಷ್ಟು ಚಳಿಯಿತ್ತು. ಅವನು ಒಂದು ಕ್ಷಣ ಅವಳ ಮುಖವನ್ನೇ ನೋಡಿದ. “ಸರಿ... ಹಿಂದೆ ಆದ್ರೂ...”

“ನಾನು ಯಾರ ಹಿಂದೇನೂ ಬರಲ್ಲ!”

ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದೇ ಇಲ್ಲ. ಚಿಕ್ಕಮ್ಮನ ಬಾಯಿ ತೆರೆದೇ ಉಳಿಯಿತು. ಅವನು ಏನೋ ಹೇಳಹೊರಟ. ಅಷ್ಟರಲ್ಲಿ ಮೇಷ್ಟ್ರು ಹೊತ್ತಾಯಿತೆಂದು ಅವಸರ ಮಾಡಿದರು. ಗುಂಪು ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿಯತೊಡಗಿತು.

ಆಫೀಸಿನ ಹೊತ್ತು. ನೆಲದಡಿಯ ಪ್ಲಾಟ್‌ಫಾರ್ಮಿನಲ್ಲಿ ಕಪ್ಪು ಕೋಟುಗಳ ಪ್ರವಾಹ! ರೈಲು ಬಂತು. ನೂಕುನುಗ್ಗಲು. “ಎಲ್ಲಾ ಹತ್ತಿದ್ರಾ?” ಎಂದು ಅವನು ಕೂಗಿದ. ಯಾರೋ “ಹೂಂ” ಎಂದರು. ಬಾಗಿಲು ಮುಚ್ಚಿತು.

ಇಳಿದ ಮೇಲೆ ಮೇಷ್ಟ್ರು ಸುತ್ತ ನೋಡಿದರು. ಮತ್ತೊಮ್ಮೆ ನೋಡಿದರು.

“ನಮ್ಮನೆಯವಳೆಲ್ಲಿ?”

ಚಿಕ್ಕಮ್ಮ ಗುಂಪಿನ ಆಚೀಚೆ ಇಣುಕಿದಳು.

“ನನ್ನ ಪಕ್ಕದಲ್ಲೇ ಇದ್ದಳಲ್ಲಪ್ಪಾ... ಅವಳ ಫೋನು ನನ್ನ ಜೇಬಲ್ಲಿದೆ. ಹೋಟೆಲ್ ಹೆಸರೂ ಅವಳಿಗೆ ಬರಲ್ಲ!” ಮುದುಕರು ಜೇಬಿನಿಂದ ಫೋನು ತೆಗೆದು ತೋರಿಸಿದರು.

ಗೈಡನ ಮುಖ ಬಿಳಿಚಿಕೊಂಡಿತು. “ಏನು ಬಟ್ಟೆ ಹಾಕಿದ್ರು?”

“ಸೊಸೆಯ ಕಪ್ಪು ಕೋಟು. ಇಲ್ಲಿಯವರ ಥರಾನೇ ಕಾಣಬೇಕು ಅಂತ ಆಸೆಪಟ್ಟು ಹಾಕ್ಕೊಂಡಳು...”

ಅವನು ಫೋನಿನಲ್ಲಿ ಪರಭಾಷೆಯಲ್ಲಿ ಯಾರೊಂದಿಗೋ ಅವಸರವಾಗಿ ಮಾತಾಡಿ ತಿರುಗಿದ. “ನಿಲ್ದಾಣದವರಿಗೆ ಹೇಳಿದ್ದೀನಿ. ಕಪ್ಪು ಕೋಟು ಅಂದ್ರೆ, ‘ಯಾವ ಕಪ್ಪು ಕೋಟು?’ ಅಂತಾರೆ. ನಾನು ವಾಪಸ್ ಹೋಗ್ತೀನಿ. ಚಿಕ್ಕಮ್ಮ, ಇವರೆಲ್ಲರನ್ನೂ ಇಲ್ಲೇ ಹಿಡಿದಿಟ್ಕೊಳ್ಳಿ. ಒಬ್ಬರೂ ಅಲ್ಲಾಡಬಾರದು.”

“ಅಲ್ಲಾಡಿದ್ರೆ ಕಾಲು ಮುರಿತೀನಿ, ನೀನು ಹೋಗಪ್ಪಾ!”

“ನಾನೂ ಬರ್ತೀನಿ.” ಅವಳು ಮುಂದೆ ಬಂದಿದ್ದಳು.

ಬೇಡವೆನ್ನಲು ಅವನಿಗೆ ಪುರುಸೊತ್ತಿರಲಿಲ್ಲ.

ಹಿಂದಿರುಗುವ ರೈಲಿನಲ್ಲಿ ಇಬ್ಬರೂ ಒಂದೇ ಕಂಬಿ ಹಿಡಿದು ನಿಂತರು. ಅವನ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

“ತಪ್ಪು ನಂದೇ,” ಅವನು ತನಗೇ ಹೇಳಿಕೊಳ್ಳುವಂತೆ ಅಂದ. “ಬಾಲ ಇಲ್ಲದೆ ಗುಂಪನ್ನ ಮೆಟ್ರೊಗೆ ಇಳಿಸಬಾರದಿತ್ತು.”

ಅವಳ ಎದೆ ಧಸಕ್ಕೆಂದಿತು. ಈಗಲೂ ಅದೇ ಮಾತಾ?

“ನಿನ್ನೆ ನಗ್ತಾ ಹೇಳಿದ್ದು ಸಾಲಲಿಲ್ವಾ? ಎದುರಿಗೇ ಹೇಳಬೇಕಾ? ನಾನು ಯಾರ ಬಾಲಾನೂ ಅಲ್ಲ!”

ಅವನು ಕಣ್ಣು ಪಿಳಿಪಿಳಿ ಬಿಟ್ಟ. ನಿಧಾನವಾಗಿ ಅರ್ಥವಾಯಿತು. “ಅಯ್ಯೋ ದೇವರೇ... ನೀವು ಅದನ್ನ ಕೇಳಿಸ್ಕೊಂಡ್ರಾ?”

“ಕೇಳಿಸ್ಕೊಂಡೆ.”

“ಗುಂಪಿನ ಕೊನೆಯವರನ್ನ ನಾವು ಗೈಡುಗಳು ಬಾಲ ಅಂತೀವಿ. ದಾರಿಯಲ್ಲಿ ಯಾರಾದ್ರೂ ನಿಂತುಬಿಟ್ರೆ ಬಾಲಾನೂ ನಿಂತುಬಿಡುತ್ತೆ. ತಿರುಗಿದಾಗ ಬಾಲ ಕಂಡರೆ ಮುಂದಿನವರೆಲ್ಲಾ ಇದ್ದಾರೆ ಅಂತ ಅರ್ಥ. ಅದಕ್ಕೇ ಎದ್ದು ಕಾಣೋ ಬಟ್ಟೆ ಬೇಕು, ಹರಟೆ ಹೊಡೀದೆ ಎಲ್ಲರನ್ನೂ ನೋಡ್ಕೊಂಡು ಬರೋರು ಬೇಕು. ಮೊದಲೇ ಹೇಳಿದ್ರೆ ಜವಾಬ್ದಾರಿ ಅಂತ ಹೆದರಿಬಿಡ್ತೀರೇನೋ ಅಂತ... ಬಾಯಿ ಮುಚ್ಕೊಂಡಿದ್ದೆ. ಆ ಮಾತು ಬೈಗುಳದ ಹಾಗೆ ಕೇಳಿಸುತ್ತೆ ಅಂತ ನನಗೆ ಹೊಳೆದೇ ಇರಲಿಲ್ಲ.”

ಅವಮಾನ ಕರಗಿ ಹೋಗಬೇಕಿತ್ತು. ಹೋಗಲಿಲ್ಲ. ಅದಕ್ಕಿಂತ ಚೂಪಾದ ಇನ್ನೊಂದು ನೋವು ಎದೆಗೆ ಇಳಿಯಿತು.

‘ಅಂದ್ರೆ... ಆ ನೋಟಗಳೆಲ್ಲ ತಲೆ ಎಣಿಸೋಕೆ! ನನಗಲ್ಲ... ಜಾಕೆಟ್ಟಿಗೆ!’

ಅಣಕವೇ ಆಗಿದ್ದರೆ ಸಿಟ್ಟಾದರೂ ಜೊತೆಗಿರುತ್ತಿತ್ತು. ಈಗ ಅದೂ ಇಲ್ಲ. ಅವಳು ಕಿಟಕಿಯತ್ತ ಮುಖ ತಿರುಗಿಸಿದಳು. ಗಾಜಿನಾಚೆ ಸುರಂಗದ ಕತ್ತಲು ಓಡುತ್ತಿತ್ತು.

“ಸರಿ,” ಎಂದಳು. “ಮೊದಲು ಅವರು ಸಿಗಲಿ.”

ಪ್ಲಾಟ್‌ಫಾರ್ಮಿನಲ್ಲಿ ಅದೇ ಕಪ್ಪು ಪ್ರವಾಹ. ಅವನು ಹೆಂಗಸರ ಮುಖಗಳನ್ನು ಇಣುಕುತ್ತ, ಕ್ಷಮೆ ಕೇಳುತ್ತ ಓಡಾಡಿದ. ಅವಳು ಹಳಿಯ ಅಂಚಿನುದ್ದಕ್ಕೂ ಕಣ್ಣು ಹಾಯಿಸುತ್ತ ಓಡಿದಳು. ‘ನಾನು ಹಿಂದೆ ಇದ್ದಿದ್ದರೆ... ಬರೀ ಇದ್ದಿದ್ದರೆ ಸಾಕಿತ್ತು!’

ಅವಳು ಓಡುವುದನ್ನು ನಿಲ್ಲಿಸಿದಳು. ಪ್ರೂಫ್ ನೋಡುವಾಗ ಅವಳೆಂದೂ ಓಡುತ್ತಿರಲಿಲ್ಲ. ಸಾಲಿನ ಮೇಲೆ ಕಣ್ಣನ್ನು ಹಗುರವಾಗಿ ಜಾರಿಸಿದರೆ ತಪ್ಪು ತಾನಾಗಿಯೇ ಎದ್ದು ಬರುತ್ತಿತ್ತು. ಹಾಗೆಯೇ ನೋಡಿದಳು. ಕೋಟು, ಕೋಟು, ಕೋಟು... ಕೆಳಗೆ ಬೂಟು, ಬೂಟು, ಬೂಟು...

ಒಂದು ಜೊತೆ ಬರಿಗಾಲು!

“ಅಲ್ಲಿ!”

ಕಾಲಷ್ಟೇ ಕಾಣುವಂತೆ, ದೊಡ್ಡ ಜಾಹೀರಾತು ಫಲಕದ ಹಿಂದಿನ ಬೆಂಚಿನ ಮೇಲೆ ಮೇಷ್ಟ್ರ ಹೆಂಡತಿ ಕುಳಿತಿದ್ದರು. ಹೊಳೆಯುವ ಹೊಸ ಶೂಗಳು ಮಡಿಲಲ್ಲಿದ್ದವು. ಇಬ್ಬರೂ ಏದುಸಿರು ಬಿಡುತ್ತ ಮುಂದೆ ನಿಂತಾಗ ಅಜ್ಜಿ ನಿಧಾನವಾಗಿ ತಲೆಯೆತ್ತಿದರು.

“ಶೂ ಕಚ್ಚಿಬಿಡ್ತಮ್ಮಾ. ಬಿಚ್ಚೋಣ ಅಂತ ಕೂತೆ, ನೀವೆಲ್ಲಾ ಹೊರಟೇ ಹೋದ್ರಿ. ರೈಲು ಹೋದ್ರೆ ಇನ್ನೊಂದು ಬರುತ್ತೆ, ಕಾಲು ಹೋದ್ರೆ ಬರುತ್ತಾ?” ಎಂದವರ ಗಲ್ಲ ಆಮೇಲೆ ಅದುರಿತು. “ನಮ್ಮ ಯಜಮಾನ್ರು... ತುಂಬಾ ಹೆದರಿಬಿಟ್ರಾ?”

ಅವಳು ಅಲ್ಲೇ ಕುಸಿದು ಕುಳಿತು ಅಜ್ಜಿಯ ತಣ್ಣಗಿನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತಡೆದಿದ್ದ ಅಳು ಆಗ ಬಂತು. ಅವನು ಮೇಷ್ಟ್ರಿಗೆ ಫೋನ್ ಹಚ್ಚಿ, ಅಜ್ಜಿಯ ಕಿವಿಗೆ ಹಿಡಿದ.

ಮುಂದಿನ ರೈಲಿನಲ್ಲಿ ಅಜ್ಜಿ ಇಬ್ಬರ ನಡುವೆ ಕುಳಿತು ಅವಳ ಭುಜಕ್ಕೆ ತಲೆಯಿಟ್ಟರು. ಕಣ್ಣು ಮುಚ್ಚಿತು.

“ಒಂದು ಮಾತು ಕೇಳ್ಲಾ?” ಅಜ್ಜಿಯ ತಲೆಯ ಮೇಲಿಂದ ಅವನು ಪಿಸುಗುಟ್ಟಿದ. “ಆಗ ಬರುವಾಗ ರೈಲಲ್ಲಿ ನಾನು ವಿಷಯ ಹೇಳಿದ ಮೇಲೆ ನಿಮ್ಮ ಮುಖ ಇನ್ನೂ ಬಾಡಿತು. ಯಾಕೆ?”

ಅವಳು ತನ್ನ ಬೆರಳುಗಳನ್ನೇ ನೋಡುತ್ತ ಕುಳಿತಳು. ನಾಳೆ ವಿಮಾನ. ಈಗ ನುಂಗಿಕೊಂಡರೆ ಮುಗಿಯಿತು.

“ನೀವು... ನೀವು ನನ್ನನ್ನ ನೋಡ್ತಿದ್ದೀರಿ ಅಂದ್ಕೊಂಡಿದ್ದೆ. ಇಷ್ಟು ದಿನ. ಅದು ಎಣಿಕೆ ಅಂತ ಗೊತ್ತಿರಲಿಲ್ಲ.”

ಹೇಳಿಬಿಟ್ಟಳು! ಮೈಯೆಲ್ಲ ಬೆವರಿತು.

ಅವನು ತೊದಲಿದ. “ಎಣಿಸೋಕೆ ತಿರುವಿಗೊಂದು ಸಲ ನೋಡಿದ್ರೆ ಸಾಕು. ಆ ಸೇತುವೆ ಮೇಲೆ ತಿರುವೇ ಇರಲಿಲ್ಲ... ನಾನು ಹಿಂದೆ ನೋಡ್ಕೊಂಡು ನಡೆದು ದೀಪದ ಕಂಬಕ್ಕೆ ಢಿಕ್ಕಿ ಹೊಡೆದೆ. ನೀವು ನಕ್ರಿ.”

ಹೌದು... ನಕ್ಕಿದ್ದಳು. ಅವನು ಹಣೆ ಉಜ್ಜಿಕೊಳ್ಳುತ್ತ ಮತ್ತೆ ತಿರುಗಿದ್ದ. ಅವಳಿಗೆ ಉಸಿರೇ ಬರಲಿಲ್ಲ.

“ನಿಮ್ಮ ಮನೇಲಿ... ಯಾರ ಹತ್ರ ಮಾತಾಡಬೇಕು ನಾನು? ಚಿಕ್ಕಮ್ಮನ ಹತ್ರಾನಾ, ಅಪ್ಪನ ಹತ್ರಾನಾ?”

“ಮೊದಲು ನನ್ನ ಹತ್ರ ಮಾತಾಡಿ,” ಎಂದಳು ಅವಳು. “ಇನ್ನೂ ಮಾತಾಡಿಲ್ಲ ನೀವು.”

ಅವನು ಗಂಟಲು ಸರಿಮಾಡಿಕೊಂಡ. ಊರಿಗೆಲ್ಲ ಕತೆ ಹೇಳಿ ಹೊಟ್ಟೆ ಹೊರೆಯುವವನ ದನಿ ಈಗ ಎಲ್ಲೋ ಅಡಗಿಹೋಗಿತ್ತು.

“ನೀವು ಅಂದ್ರೆ ನನಗೆ ತುಂಬಾ ಇಷ್ಟ.”

“ಅದನ್ನ ಇನ್ನೊಂದು ಸಲ ಹೇಳೋ ಮಾರಾಯ,” ಕಣ್ಣು ಮುಚ್ಚಿಕೊಂಡೇ ಅಜ್ಜಿ ಗೊಣಗಿದರು. “ರೈಲಿನ ಸದ್ದಲ್ಲಿ ನನಗೇ ಕೇಳಿಸಲಿಲ್ಲ, ಅವಳಿಗೇನು ಕೇಳಿಸುತ್ತೆ?”

ಅವನು ತಬ್ಬಿಬ್ಬಾಗಿ ಅವಳತ್ತ ನೋಡಿದ. “ಕೇಳಿಸ್ತಾ?”

ಅವಳು ತಲೆ ತಗ್ಗಿಸಲಿಲ್ಲ. ಕಣ್ಣಿನಲ್ಲಿ ಇನ್ನೂ ನೀರಿತ್ತು, ತುಟಿಯಲ್ಲಿ ನಗು.

“ಕೇಳಿಸ್ತು... ಆದ್ರೂ ಹೇಳಿ.”